ಹಸಿರು ಕೊರಳಪಟ್ಟಿ

ಪಟ್ಟಿಯ ಮೇಲಿನ ಅಕ್ಷರ ಓದಿಕೊಂಡು ಬರಬೇಕು. ಕೆಲಸ ಅಂತಿದ್ದದ್ದು ಅಷ್ಟೇ.

ಹೋದ ಚಳಿಗಾಲದಲ್ಲಿ ಹಿಡಕಲ್ ಹಿನ್ನೀರಿನ ಮೇಲೆ, ಕೊರಳಿಗೆ ಹಸಿರು ಪಟ್ಟಿ ತೊಟ್ಟ ಪಟ್ಟೆತಲೆ ಹೆಬ್ಬಾತೊಂದನ್ನು ಮೇಘಾ ಕಣ್ಣಾರೆ ಕಂಡಿದ್ದಳು. ಹಿಮಾಲಯದ ಆಚೆ ಯಾರೋ ವಿಜ್ಞಾನಿಗಳು ಹಿಡಿದು, ಪಟ್ಟಿ ಹಾಕಿ ಬಿಟ್ಟ ಹಕ್ಕಿ. ಅಕ್ಷರ ಸಿಕ್ಕರೆ ಎಲ್ಲಿಂದ ಹಾರಿಬಂತೆಂದು ತಿಳಿಯುತ್ತದೆ. ಆದರೆ ಅವಳ ಹತ್ತಿರ ಫೋಟೋ ಇರಲಿಲ್ಲ. ಹಕ್ಕಿ ಎಣಿಸುವ ಗುಂಪಿನ ಮುಖಂಡ ಭೀಮೇಶ ಎಲ್ಲರೆದುರು ನಕ್ಕು, "ಮೇಡಂ, ಕೊಳ್ಳಾಗ ಪಾಚಿ ಸುತ್ತಿಕೊಂಡಿತ್ತೇನೋ ನೋಡ್ರಿ" ಎಂದು ಎಣಿಕೆಯ ಪುಸ್ತಕದಲ್ಲಿ ಅವಳು ಬರೆದಿದ್ದ ಸಾಲನ್ನೇ ಹೊಡೆದುಹಾಕಿದ್ದ. ಗೋಕಾಕದ ಕಾಲೇಜಿನ ಪ್ರಯೋಗಾಲಯದಲ್ಲಿ ದಿನವೂ ಸೂಕ್ಷ್ಮದರ್ಶಕ ಹೊಂದಿಸುವವಳ ಕಣ್ಣನ್ನೇ ಸುಳ್ಳು ಎಂದುಬಿಟ್ಟರೆ ಹೇಗಿರಬೇಡ! ಒಂದು ವರ್ಷ ಆ ನಗು ಅವಳ ಕಿವಿಯಲ್ಲೇ ಇತ್ತು. ಈಗ ಅದೇ ಹಕ್ಕಿ ಮತ್ತೆ ಬಂದಿದೆಯೆಂದು ಮೀನು ಹಿಡಿಯುವ ಸತ್ತೆಪ್ಪ ಸುದ್ದಿ ಕಳಿಸಿದ್ದ. ಇನ್ನೊಂದು ವಾರ ಕಳೆದರೆ ಬಾತುಗಳು ಉತ್ತರಕ್ಕೆ ಹೊರಟುಬಿಡುತ್ತವೆ.

ಹುಕ್ಕೇರಿ ಕಡೆಯ ದಂಡೆಯಿಂದ ಬೆಳಕು ಹರಿಯುವ ಮುಂಚೆ ಹರಿಗೋಲು ಹೊರಟಿತು. ಮೂವರೇ. ಹುಟ್ಟು ಹಾಕಲು ಸತ್ತೆಪ್ಪ, ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದ ಮೂಡಲಗಿಯ ಮದುವೆ ಫೋಟೋಗ್ರಾಫರ್ ಸುಶಾಂತ, ನಡುವೆ ಮೇಘಾ.

"ಮದುಮಕ್ಕಳಿಗೆ ನಗ್ರಿ ಅಂದ್ರ ನಗ್ತಾರ," ಎಂದ ಸುಶಾಂತ. "ಇವಕ್ಕ ಏನ ಅನ್ನೂದ ಅಕ್ಕಾರ?"

"ನೀ ಬಾಯಿ ಮುಚ್ಚಿದರ ಸಾಕು ತಮ್ಮಾ, ಅವು ತಾವ ನಗತಾವು," ಎಂದ ಸತ್ತೆಪ್ಪ.

ಮಂಜು ಅಂದರೆ ಅಂಥಿಂಥ ಮಂಜಲ್ಲ. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂಬುದೇ ಇಲ್ಲ. ಹುಟ್ಟಿನ ತುದಿಯಿಂದ ಬಿದ್ದ ಹನಿಯ ಸದ್ದು ಎಲ್ಲೋ ದೂರದಿಂದ ಬಂದಂತೆ ಕೇಳುತ್ತಿತ್ತು. ಅಲ್ಲಲ್ಲಿ ಮುಳುಗಿದ ಜಾಲಿಮರಗಳ ಒಣ ತುದಿಗಳು ಮಂಜಿನಿಂದ ಹೊರಬಂದು, ಇವರನ್ನು ನೋಡಿದಂತೆ ಮಾಡಿ, ಹಿಂದಕ್ಕೆ ಸರಿಯುತ್ತಿದ್ದವು.

ಒಂದು ಕಡೆ ಸತ್ತೆಪ್ಪ ಹುಟ್ಟು ಎತ್ತಿ ಮಡಿಲಲ್ಲಿ ಇಟ್ಟುಕೊಂಡ. ನೀರಿಗೆ ಬಗ್ಗಿ, ಬಾಗಿಲಲ್ಲಿ ನಿಂತು ಕರೆಯುವವನ ದನಿಯಲ್ಲಿ ಹೇಳಿದ: "ನಾ ಮ್ಯಾಲಿನ ಓಣಿ ಮುದಕವ್ವನ ಮಗಾ ಸತ್ತೆಪ್ಪ. ಇಬ್ಬರನ್ನ ಕರಕೊಂಡ ಬಂದೇನಿ. ದಾಟಿ ಹೋಗ್ತೇವ್ರಿ."

ನೀರಿನ ಕೆಳಗೆ ಅವನ ಹಳೆಯ ಊರಿತ್ತು. ಆಣೆಕಟ್ಟಿನ ನೀರು ಬಂದಾಗ ಅವನಿಗೆ ಆರು ವರ್ಷ.

"ನೀವೂ ಹೇಳ್ರಿ. ಯಾರ ಮನ್ಯಾವರಂತ ಹೇಳದ ಊರ ದಾಟಬಾರದು."

ಮೇಘಾ ಮೆಲ್ಲಗೆ ತನ್ನ ಅಪ್ಪನ ಹೆಸರು ಹೇಳಿದಳು. ಸುಶಾಂತ ಕೈಯೆತ್ತಿ ಕೂಗಿದ: "ಮೂಡಲಗಿ ಸುಶಾಂತ! ಫೋಟೋ ಸ್ಟುಡಿಯೋ!"

ಅವನ ನಗು ಮುಗಿದಿರಲಿಲ್ಲ.

ಚರ್‍ರ್ ಎಂದು ಹರಿಗೋಲಿನ ತಳ ಹರಿಯಿತು. ಜಾಲಿಯ ಮುರುಕು ಕೊಂಬೆ. ತಣ್ಣನೆಯ ನೀರು ಚಿಮ್ಮಿತು.

"ಟಾವೆಲ್ ತುರುಕ್ರಿ! ಕ್ಯಾಮೆರಾ ನನ್ನ ಕಡೆ ಕೊಡ ತಮ್ಮಾ!"

ಸತ್ತೆಪ್ಪ ಕ್ಯಾಮೆರಾ ಕಸಿದುಕೊಂಡು, ಹೊದ್ದಿದ್ದ ಕಂಬಳಿಯೊಳಗೆ ಸೇರಿಸಿ, ತೂತಿನ ಮೇಲೆ ಹಿಮ್ಮಡಿ ಒತ್ತಿ ಕುಳಿತ. ಮೇಘಾ ಡಬ್ಬಿಯಿಂದ ನೀರು ಮೊಗೆದು ಚೆಲ್ಲಿದಳು. ಸುಶಾಂತ ಹುಟ್ಟು ಹಾಕಿದ. ಹರಿಗೋಲು ಗರಗರ ತಿರುಗಿತು. ನಿಂತಾಗ ದಿಕ್ಕೇ ಇರಲಿಲ್ಲ.

"ಕಾಕಾ, ದಂಡಿ ಯಾವ ಕಡೆ?" ಎಂದ ಸುಶಾಂತ.

ಸತ್ತೆಪ್ಪ ಕೈಯೆತ್ತಿ ತಡೆದ. ಅವನು ಕಿವಿಗೊಟ್ಟು ಕೇಳುತ್ತಿದ್ದ.

ಗುಜುಗುಜು. ಎಡಕ್ಕೆ, ಮಂಜಿನೊಳಗೆ. ಮುಂಜಾನೆ ಎದ್ದ ಓಣಿಯ ಮಾತಿನ ಹಾಗೆ. ಒಬ್ಬರು ಕೆಮ್ಮಿದಂತೆ, ಇನ್ನೊಬ್ಬರು ಯಾರನ್ನೋ ಗದರಿಸಿದಂತೆ.

"ಯಾರರ ಅದಾರೇನ್ರಿ?" ಸುಶಾಂತ ಹುಟ್ಟು ನಿಲ್ಲಿಸಿದ.

"ಈ ಹೊತ್ತಿನ್ಯಾಗ, ನೀರ ನಡುವ, ಯಾರ ಇರ್ತಾರ?"

"ಹಂಗಾರ ಆ ಕಡಿ ಬ್ಯಾಡ್ರಿ ಕಾಕಾ!"

ಮೇಘಾ ನೀರು ಮೊಗೆಯುತ್ತಲೇ ಅಂದಳು, "ಆ ಕಡಿನ ಹೋಗೂನು. ಮಾತ ಇದ್ದಲ್ಲಿ ಕಾಲಿಡಾಕ ಜಾಗಾ ಇರತೈತಿ." ಹೇಳುವಾಗ ಅವಳ ಹಲ್ಲು ಕಟಕಟ ಅನ್ನುತ್ತಿದ್ದವು. ಚಳಿಗೋ ಹೆದರಿಕೆಗೋ, ಅವಳಿಗೇ ಗೊತ್ತಿಲ್ಲ.

ಹರಿಗೋಲು ಕಲ್ಲಿಗೆ ತಾಗಿತು. ಸತ್ತೆಪ್ಪ ಮೊದಲು ಇಳಿದ. ನೀರು ಮೊಳಕಾಲಿಗೆ. ಅಂಗಾಲಿನಿಂದ ಕಲ್ಲು ಸವರಿ ನೋಡಿ, "ಚಪ್ಪಡಿ. ಯಾರದೋ ಮನಿ ಕಟ್ಟಿ," ಎಂದ ಪಿಸುಮಾತಿನಲ್ಲಿ.

ಎದುರಿಗೆ ಮಂಜು ಒಂದಿಷ್ಟು ಹರಿದುಕೊಂಡಿತು. ಹಳೆಯ ಊರಿನ ದಿಬ್ಬ. ಅದರ ಮೇಲೆ ಬೂದು ಮೈಯ ಹೆಬ್ಬಾತುಗಳ ಹಿಂಡು, ನೆತ್ತಿಗೆ ಎರಡೆರಡು ಕರಿಪಟ್ಟೆ, ಹುಲ್ಲು ಮೇಯುತ್ತ ತಮ್ಮ ತಮ್ಮಲ್ಲೇ ಮಾತಾಡುತ್ತಿದ್ದವು. ಅಂಚಿನಲ್ಲಿ ಒಂದು ತಲೆಯೆತ್ತಿತು. ಕೊರಳಲ್ಲಿ ಹಸಿರು!

"ಕ್ಯಾಮೆರಾ," ಎಂದಳು ಮೇಘಾ.

ಸತ್ತೆಪ್ಪ ಕಂಬಳಿಯೊಳಗಿನಿಂದ ಕ್ಯಾಮೆರಾ ತೆಗೆದುಕೊಟ್ಟ. ಸುಶಾಂತ ಕಣ್ಣಿಟ್ಟವನು ತಟ್ಟನೆ ಕೆಳಗಿಳಿಸಿದ. ಲೆನ್ಸ್ ಪೂರಾ ಬೆಳ್ಳಗಾಗಿತ್ತು, ಪೊರೆ ಬಂದ ಕಣ್ಣಿನ ಹಾಗೆ.

"ಕಾಕಾ, ಏನ ಮಾಡಿದ್ರಿ?"

"ಬರಫ್ ಆಗಿತ್ತಪಾ. ಎಳೇ ಕುರಿಮರಿ ಇಟ್ಟಕೊಂಡಂಗ ಎದಿಗೆ ಅವಚಿ, ಬಾಯಿಂದ ಉಸುರ ಊದಿ ಬೆಚ್ಚಗ ಇಟ್ಟೇನಿ."

ತಣ್ಣನೆಯ ಗಾಜಿಗೆ ಬೆಚ್ಚನೆಯ ಉಸಿರು. ಸುಶಾಂತ ಅಂಗಿಯಿಂದ ಒರೆಸಿದ, ಮತ್ತೆ ಬೆಳ್ಳಗಾಯಿತು. ಮತ್ತೆ ಒರೆಸಹೋದ ಅವನ ಕೈಯನ್ನು ಮೇಘಾ ಹಿಡಿದಳು. ಪ್ರಯೋಗಾಲಯದ ಗಾಜುಗಳು ಅವಳಿಗೆ ಇಷ್ಟು ಕಲಿಸಿದ್ದವು. "ಮುಟ್ಟಬ್ಯಾಡ. ಗಾಳಿಗೆ ಹಿಡಿ. ತಾನ ಆರಲಿ."

"ಹರಗೋಲ ತುಂಬಾಕತ್ತೈತಿ ಅಕ್ಕಾರ!"

"ತುಂಬಲಿ. ಕಾಕಾ, ಮೊಗೀರಿ."

ಕಾದರು. ಕಾಲಬೆರಳು ಇವೆಯೋ ಇಲ್ಲವೋ ತಿಳಿಯದಾಯಿತು. ಒಮ್ಮೆ ಹಿಂಡಿನ ಗುಜುಗುಜು ಒಮ್ಮೆಲೇ ನಿಂತಿತು. ಎಲ್ಲ ಕೊರಳೂ ನೆಟ್ಟಗೆ. ಸತ್ತೆಪ್ಪ ಮೊಗೆಯುವುದನ್ನು ನಿಲ್ಲಿಸಿದ. ಮತ್ತೆ ಮಾತು ಶುರುವಾಯಿತು. ಲೆನ್ಸಿನ ನಡುವೆ ರೂಪಾಯಿಯಷ್ಟು ಜಾಗ ತಿಳಿಯಾಯಿತು, ಆಮೇಲೆ ಅಂಗೈಯಷ್ಟು.

ಹಸಿರು ಪಟ್ಟಿಯ ಬಾತು ಪಕ್ಕಕ್ಕೆ ತಿರುಗಿತು.

ಕ್ಲಿಕ್. ಕ್ಲಿಕ್. ಕ್ಲಿಕ್.

ಮೇಲಿಂದ ಗಿಡುಗವೊಂದು ನೆರಳಿನಂತೆ ಜಾರಿತು. ಹಿಂಡು ಎದ್ದಿತು. ನೂರಾರು ರೆಕ್ಕೆಗಳ ಗಾಳಿ ಮುಖಕ್ಕೆ ಬಡಿದು, ದಿಬ್ಬ ಬರಿದಾಯಿತು. ಒಂದೂ ಉಳಿಯಲಿಲ್ಲ.

ಆದರೂ ಗುಜುಗುಜು ಇತ್ತು. ದಿಬ್ಬದ ಆಚೆ, ನೀರಿನ ಮಟ್ಟದಲ್ಲಿ. ಒಂದು ಕೆಮ್ಮು. ಆಮೇಲೆ ಮೌನ.

ಮೂವರಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. "ನಡೀರಿ," ಎಂದ ಸತ್ತೆಪ್ಪ. ಮಂಜಿನೊಳಗೆ ಸೂರ್ಯ ಹಿತ್ತಾಳೆ ತಟ್ಟೆಯಂತೆ ಕಾಣಿಸಿತು. ಅದನ್ನು ಬಲಗೆನ್ನೆಗೆ ಹಿಡಿದು ಹುಟ್ಟು ಹಾಕಿದರು. ಮೊಗೆದರು, ಹಾಕಿದರು, ಮತ್ತೆ ಮೊಗೆದರು. ಮೇಘಾಳ ಅಂಗೈ ಬೊಬ್ಬೆ ಎದ್ದು ಒಡೆಯಿತು. ದಂಡೆ ಕಂಡಾಗ ಹರಿಗೋಲಿನಲ್ಲಿ ನೀರು ಮೊಳದಷ್ಟಿತ್ತು.

ಸತ್ತೆಪ್ಪನ ಹೆಂಡತಿ ಶಂಕ್ರವ್ವ ಹುಲ್ಲು ಉರಿ ಹಾಕಿದಳು. "ಬಾತ ತರತೇವಂತ ಹೋಗಿ ನೆಗಡಿ ತಂದ್ರೇನ?" ಎಂದು ಬೈಯುತ್ತಲೇ ಚಹಾ ಕೊಟ್ಟಳು. ಸುಶಾಂತ ಚಿತ್ರ ದೊಡ್ಡದು ಮಾಡಿದ. ಮೊದಲನೆಯದು ಮಸುಕು. ಎರಡನೆಯದೂ ಮಸುಕು. ಮೂರನೆಯದರಲ್ಲಿ ಹಸಿರಿನ ಮೇಲೆ ಬಿಳಿಯ ಅಕ್ಷರಗಳು. ಎಚ್ ಎರಡು ಏಳು.

ಮೇಘಾ ಅದನ್ನು ಭೀಮೇಶನಿಗೆ ಕಳಿಸಿದಳು. ಚಹಾ ಮುಗಿಯುವ ಮುಂಚೆ ಫೋನ್ ಬಂತು.

"ಮೇಡಂ," ಎಂದ ಭೀಮೇಶ. "ಇದನ್ನ ಬರಕೊಂಡೆ. ಹೋದ ವರ್ಷ ನೋಡಿದ್ದನ್ನೂ ಸೇರಸ್ತೇನಿ. ಅವತ್ತಿನ ತಾರೀಖ ನಿಮ್ಮ ಪುಸ್ತಕದಾಗ ನೋಡಿ ಹೇಳ್ರಿ."

ಮೇಘಾ ಪುಸ್ತಕ ತೆಗೆಯಲಿಲ್ಲ. ತಾರೀಖು, ವಾರ, ಹೊತ್ತು, ಗಾಳಿ ಬೀಸುತ್ತಿದ್ದ ದಿಕ್ಕು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.