ಬೆಳಕಿಗೆ ಬಾಯಿ ಮುಚ್ಚಿದ ಆರು

ಅವಳು ಬರೆದ ಸೊನ್ನೆ ಎಷ್ಟು ದುಂಡಗಿತ್ತೆಂದರೆ, ಅದನ್ನು ಕಂಡು ಹುಣ್ಣಿಮೆ ಚಂದ್ರ ನಾಚಿ ಮೂರು ದಿನ ಮುಖ ತೋರಿಸಲಿಲ್ಲ. ನಾನೇ ಕಣ್ಣಾರೆ ಕಂಡಿದ್ದೇನೆ, ನಂಬಿ.

ಅಂಥವಳು ಆ ಮಧ್ಯಾಹ್ನ ಹೊಸ ಆಸ್ಪತ್ರೆಯ ಉದ್ದ ಕಾರಿಡಾರಿನಲ್ಲಿ ತಲೆಯೆತ್ತಿ ಬೈಯುತ್ತಾ ನಿಂತಿದ್ದಳು. ಏಣಿಯ ಮೇಲೆ ಬೋರ್ಡು ಕೂರಿಸುವವನೊಬ್ಬ ಆಪರೇಷನ್ ಕೋಣೆಯ ಬಾಗಿಲ ಮೇಲಿದ್ದ, ಅವಳೇ ಬರೆದುಕೊಟ್ಟಿದ್ದ '6' ಬಿಚ್ಚುತ್ತಿದ್ದ!

"ಯಾರು ಹೇಳಿದ್ರು ಬಿಚ್ಚೋಕೆ? ಇಳೀರಿ ಕೆಳಗೆ."

"ಇಳೀತೀನಿ ಮೇಡಂ. ಮೊದಲು ಆರು ಇಳೀಲಿ."

ನಾಳೆ ಬೆಳಗ್ಗೆ ಆಸ್ಪತ್ರೆ ಶುರು. ಚೂಪು ಅಕ್ಷರ ಕಂಡರೆ ರೋಗಿಗಳ ಎದೆ ಇನ್ನೂ ಹೊಡೆದುಕೊಳ್ಳುತ್ತದೆ, ದಪ್ಪಗಿರಲಿ, ತುದಿ ಮೂಲೆಯೆಲ್ಲ ದುಂಡಗಿರಲಿ ಎಂದು ಬೋರ್ಡು ಅಂಗಡಿಯ ಯಜಮಾನರ ಜತೆ ಜಗಳವಾಡಿ ಒಪ್ಪಿಸಿದ್ದಳು. ಬೋರ್ಡುಗಳಿಗೆ ಅಕ್ಷರ, ಅಂಕಿ ಬರೆದುಕೊಡುವ ಅವಳ ಮೊದಲ ಕೆಲಸ ಇದು.

'ಯಜಮಾನರೇ ಇವನನ್ನು ಕಳಿಸಿದ್ದಾರಾ... ನನ್ನ ಅಕ್ಷರ ಕಿತ್ತುಹಾಕೋಕೆ?'

ಬೋರ್ಡಿನೊಳಗಿನ ಲೈಟ್ ಹಾಕಿ ದೂರದಿಂದ ನೋಡಿ ಅಂತ ಅವನೆಂದ. ಮೊಳೆ ಹೊಡೆಯುವವರು ನನಗೆ ಅಕ್ಷರ ಕಲಿಸಬೇಕಿಲ್ಲ ಅಂತ ಅವಳು ಚುಚ್ಚಿದಳು. ಅವನ ಮುಖ ಸಣ್ಣಗಾಯಿತು. ಆರನ್ನು ಮತ್ತೆ ಕೂರಿಸಿ ಲೈಟ್ ಹಾಕಿದ.

ಅಷ್ಟರಲ್ಲಿ ಆಯಮ್ಮ ನಾಳೆಯ ಅಭ್ಯಾಸಕ್ಕೆಂದು ಖಾಲಿ ಸ್ಟ್ರೆಚರ್ ತಳ್ಳಿಕೊಂಡು ಬಂದವಳು ಕಾರಿಡಾರಿನ ಆ ತುದಿಯಲ್ಲೇ ನಿಂತಳು.

"ಆರನೇದು ಎಲ್ಲಮ್ಮಾ? ನಂಗೆ ಎರಡೂ ಬಾಗಿಲ ಮೇಲೆ ಎಂಟೇ ಕಾಣ್ತಿದೆ."

ಆರು ಬರೆದವಳು ಅಲ್ಲಿಗೆ ಓಡಿದಳು. ತುದಿಯಲ್ಲಿ ನಿಂತು ತಿರುಗಿದಳು...

ದಪ್ಪ ಗೆರೆಯ ಸುತ್ತ ಬೆಳಕು ಹರಡಿ ಆರರ ಬಾಯಿ ಮುಚ್ಚಿಕೊಂಡಿತ್ತು. ಸಮಸಂಖ್ಯೆಗಳ ಆ ಸಾಲಿನಲ್ಲಿ ಪಕ್ಕದ ಎಂಟಕ್ಕೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಮೇಜಿನ ಮೇಲೆ, ಕಾಗದದಲ್ಲಿ ನೋಡಿಯೇ ಅವಳು ಒಪ್ಪಿಬಿಟ್ಟಿದ್ದಳು.

'ನಾಳೆ ಈ ಸ್ಟ್ರೆಚರ್ ಖಾಲಿ ಇರುವುದಿಲ್ಲ...'

ಗೋಡೆ ಹಿಡಿದು ಕುಸಿದು ಕೂತಳು.

ಅವನು ಬಂದು ಪಕ್ಕದಲ್ಲಿ ಪೆನ್ಸಿಲ್ ಇಟ್ಟ. "ನನ್ನನ್ನ ಆಮೇಲೆ ಬೈದ್ರಾಯ್ತು. ಈಗ ಬರೀರಿ, ನಾನು ಕತ್ತರಿಸ್ತೀನಿ."

ಗೆರೆಯ ದಪ್ಪವನ್ನು ಕೂದಲೆಳೆಯಷ್ಟು ಇಳಿಸಿದಳು, ಹೊಟ್ಟೆಯ ತೂತು ಹಿಗ್ಗಿಸಿದಳು, ಆರರ ಬಾಯಿ ಅಗಲಿಸಿದಳು. ದುಂಡು ಮಾತ್ರ ಬಿಡಲಿಲ್ಲ. ಅವನು ಬೆಳಕು ಹಾಯುವ ಅಕ್ರಿಲಿಕ್ ಪ್ಲಾಸ್ಟಿಕ್ ಹಾಳೆ ಕತ್ತರಿಸಿದ. ಮೂರು ಸಲ ತಪ್ಪಿತು. ಸಂಜೆ ಆಯಮ್ಮ ಮತ್ತೆ ಸ್ಟ್ರೆಚರ್ ತಳ್ಳಿದಳು. ಆರು ಬರೆದವಳು ಕಣ್ಣು ಮುಚ್ಚಿಕೊಂಡು ಚಕ್ರದ ಸದ್ದನ್ನಷ್ಟೇ ಕೇಳಿಸಿಕೊಂಡಳು...

ಸ್ಟ್ರೆಚರ್ ನೆಟ್ಟಗೆ ಆರಕ್ಕೇ ಹೋಯಿತು!

ಆಗ ನೋಡಿ, ಅವನು ನೂರು ಜನ ನರ್ಸುಗಳ ಮಧ್ಯೆ ಮಂಡಿಯೂರಿ, ಅವಳ ಕೈ ಹಿಡಿದು, ಇಡೀ ಆಸ್ಪತ್ರೆ ಚಪ್ಪಾಳೆ ತಟ್ಟಿ...

ಅಯ್ಯೋ, ಕಿವಿ! ಹಿಂದೆ ನಿಂತು ಓದುತ್ತಿದ್ದಾರೆ ನಮ್ಮತ್ತಿಗೆ, ಅದೇ ಆ ಆರು ಬರೆದವರು. "ಮೈದುನ್ರೇ, ಬುರುಡೆ ಸಾಕು. ನಡೆದದ್ದು ಬರೀರಿ," ಅಂತ ಹಿಂಡುತ್ತಿದ್ದಾರೆ.

ಸರಿ, ಒಪ್ಪಿದೆ. ನರ್ಸು ಒಬ್ಬರೂ ಇರಲಿಲ್ಲ. ನಮ್ಮಣ್ಣ ಮಂಡಿಯೂರಲೂ ಇಲ್ಲ, ಏಣಿಗೆ ಒರಗಿ ನಿಂತಿದ್ದ.

"ಭಯ ಹೋಯ್ತಾ?" ಅಂತ ಕೇಳಿದ.

"ಇಲ್ಲ... ಇನ್ನೂ ಇದೆ. ನಿಮಗೆ?"

"ನನಗೂ ಇದೆ. ಬೋರ್ಡಿಂದಲ್ಲ. ನಾಳೆಯಿಂದ ನೀವು ಇಲ್ಲಿಗೆ ಬರಲ್ವಲ್ಲ, ಅದಕ್ಕೆ."