ಬೆಳ್ಳಗೆ ತೊಳೆದ ಸ್ಪಂಜು

“ಥೂ! ಇದೇನ್ರೀ ಇದು? ಚರಂಡಿಯಿಂದ ಎತ್ಕೊಂಡು ಬಂದ್ರಾ?”

ಬಾಗಿಲಲ್ಲಿ ನಿಂತಿದ್ದ ಲಿಫ್ಟ್ ಮೆಕ್ಯಾನಿಕ್ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಸ್ವಲ್ಪ ನೀರು, ಕಂದು ಬಣ್ಣದ ಲೋಳೆಲೋಳೆ ಅರ್ಧ ಸ್ಪಂಜು!

ಅವನು ಎದುರು ಮನೆಗೆ ಬಂದು ತಿಂಗಳಾಗಿತ್ತು. ಈ ಬಾಗಿಲು ತಟ್ಟಿದ್ದು ಇದೇ ಮೊದಲು. ಹೂವಿಲ್ಲ, ಚಾಕ್ಲೇಟ್ ಇಲ್ಲ... ಎಂಥಾ ಹೀರೋ ನೋಡಿ!

“ಕ್ಯಾಟ್‌ಫಿಶ್ ಮರಿಗಳು ಉಳೀತಿಲ್ಲ ಅಂತ ನಿಮ್ಮ ಚಿಕ್ಕಮ್ಮ ಹೇಳಿದ್ರು. ಇದು ನನ್ನ ಮೀನಿನ ತೊಟ್ಟಿ ಫಿಲ್ಟರ್‌ದು. ಎರಡು ವರ್ಷದ್ದು. ಇದನ್ನ ಹಾಗೇ...”

“ಎರಡು ವರ್ಷದಿಂದ ತೊಳೆದಿಲ್ವಾ? ಆಮೇಲೆ ಮೀಸೆ ಬೇರೆ ತಿರುವ್ತೀರ! ಮೀಸೆಯೇನು ಮಹಾ? ನಮ್ಮ ತೊಟ್ಟಿಲಿ ಹೆಣ್ಣು ಮೀನಿಗೂ ಇದೆ!”

ಚೀಲ ಕಿತ್ತುಕೊಂಡಳು. ಧಡಾರ್! ಬಾಗಿಲು ಮುಚ್ಚಿತು.

ಅವಳದ್ದು ಡ್ರೈಕ್ಲೀನಿಂಗ್ ಅಂಗಡಿ. ಕಟ್ಟಡದವರೆಲ್ಲ ಕರೆಯುವುದು ‘ಇಸ್ತ್ರಿ’ ಎಂದೇ. ಕಲೆ ಕಂಡರೆ ಮೈ ಉರಿಯುವ ಜಾತಿ. ಫಿಲ್ಟರನ್ನೂ ದಿನಾ ಬಿಚ್ಚಿ ಫಳಫಳ ತೊಳೆಯುತ್ತಿದ್ದಳು. ಆದರೂ ಎರಡು ಸಲ ಮೊಟ್ಟೆಯೊಡೆದ ಮರಿಗಳು ಮೂರನೇ ದಿನಕ್ಕೆ ಸತ್ತು ತೇಲಿದ್ದವು.

ಈಗ ಮರಿಗಳಿಗೆಂದೇ ಇಟ್ಟ ಚಿಕ್ಕ ತೊಟ್ಟಿಯ ಗಾಜಿಗೆ ನಲವತ್ತು ಮೊಟ್ಟೆ ಅಂಟಿದ್ದವು.

“ಇದೂ ಹೋದ್ರೆ ಮೀನು ಸಾಕೋದೇ ಬಿಟ್ಬಿಡ್ತೀನಿ ಚಿಕ್ಕಮ್ಮ. ನನ್ನ ಕೈಲಾಗಲ್ಲ...”

ಸಂಜೆ ಆ ಸ್ಪಂಜನ್ನು ಸೋಪು ಹಾಕಿ ತಿಕ್ಕಿ, ಒಣಗಿಸಿ, ಎದುರು ಮನೆಗೆ ಒಯ್ದಳು.

“ತಗೊಳ್ಳಿ, ಫ್ರೀ ಸರ್ವಿಸ್. ಸ್ನಾನ ಮಾಡೋದು ಕಲೀರಿ... ನೀವೂ, ನಿಮ್ಮ ಸ್ಪಂಜೂ!”

ಅವನ ಮುಖ ಬಿಳಿಚಿತು.

“ತೊಳೆದ್ರಾ? ಅಯ್ಯೋ ಪುಣ್ಯಾತ್ಗಿತ್ತಿ! ಜೀವ ಇದ್ದಿದ್ದೇ ಆ ಕೊಳೇಲಿ. ಮೀನಿನ ಗಲೀಜು ವಿಷ ಆಗುತ್ತೆ. ಅದನ್ನ ತಿನ್ನೋ ಬ್ಯಾಕ್ಟೀರಿಯಾ ಸ್ಪಂಜಲ್ಲೇ ಇರೋದು. ದಿನಾ ತಿಕ್ಕಿ ಅದನ್ನ ಕೊಂದ್ರೆ, ವಿಷ ಎಲ್ಲಾ ಮರಿ ಹೊಟ್ಟೆಗೆ!”

‘ಹಾಗಾದ್ರೆ... ಕೊಂದಿದ್ದು ನಾನೇನಾ?’

ಆದರೆ ಬಾಯಿ ಸುಮ್ಮನಿರಬೇಕಲ್ಲ!

“ಲಿಫ್ಟ್ ರಿಪೇರಿಯವರೂ ಡಾಕ್ಟ್ರಾಗ್ಬಿಟ್ರಾ? ಭೇಷ್!”

ಮರುದಿನ ಬೆಳಿಗ್ಗೆ ಮೊಟ್ಟೆಗಳು ಒಡೆದವು. ಕೂದಲೆಳೆಯಂಥ ನಲವತ್ತು ಜೀವ. ಅವಳ ಸೊಕ್ಕೆಲ್ಲ ಜರ್ರನೆ ಇಳಿಯಿತು. ಎದುರು ಬಾಗಿಲು ತಟ್ಟಿದಳು.

“ಮರಿ... ಬಂದಿದೆ.”

ಅಷ್ಟೇ.

ಅವನು ತನ್ನ ತೊಟ್ಟಿಯಲ್ಲಿ ಉಳಿದಿದ್ದ ಇನ್ನರ್ಧ ಸ್ಪಂಜು ಕಿತ್ತು ತಂದು, ಅವಳ ಚಿಕ್ಕ ತೊಟ್ಟಿಯ ಗಾಳಿ ಪಂಪಿನ ಕೊಳವೆಗೆ ಸಿಕ್ಕಿಸಿದ. ಗುಳುಗುಳು ಗುಳ್ಳೆ ಎದ್ದವು.

“ದೊಡ್ಡ ಫಿಲ್ಟರ್ ಮೋಟರ್ ಮರಿನೇ ಒಳಗೆ ಎಳ್ಕೊಳ್ಳುತ್ತೆ. ಇದು ಮೆತ್ತಗೆ.”

“ನಿಮ್ಮ ಮೀನಿಗೆ?”

“ಹೊಸ ಸ್ಪಂಜು ಹಾಕಿದ್ದೀನಿ. ಬ್ಯಾಕ್ಟೀರಿಯಾ ಬೆಳೆದು ಅದು ಪಳಗೋಕೆ ತಿಂಗಳು ಬೇಕು. ಅಲ್ಲೀವರೆಗೂ ಬಕೆಟ್ ಇದೆ, ದಿನಾ ನೀರು ಬದಲಾಯಿಸ್ತೀನಿ.”

‘ಅವಮಾನ ಮಾಡಿದ್ರೂ... ಇದ್ದಿದ್ದನ್ನೂ ಕೊಟ್ಟುಬಿಟ್ನಲ್ಲ!’

ಮರುದಿನ ಎದುರು ಮನೆಯಲ್ಲಿ ಬಕೆಟ್ ಸದ್ದು ಕೇಳಿ ಓಡಿದಳು.

“ಹಿಡಿಯೋಕೂ ಬರಲ್ಲ, ನೆಲ ಎಲ್ಲಾ ಕೆರೆ! ಬಿಡಿ ಇಲ್ಲಿ!”

ಅಂದಿನಿಂದ ನಿತ್ಯ ಅದೇ ಬೈಗುಳ, ಅದೇ ಬಕೆಟ್. ಮೂರನೇ ದಿನ ಉಸಿರು ಬಿಗಿಹಿಡಿದು ಎಣಿಸಿದಳು. ಮೂವತ್ತೆಂಟು! ತಿಂಗಳು ಕಳೆದರೂ ಮೂವತ್ತೆಂಟು. ಎಳೆ ಮೀಸೆಗಳು ಮರಳು ಕೆದಕುತ್ತಿದ್ದವು!

“ಇನ್ನು ಭಯ ಇಲ್ಲ, ನನ್ನ ಹೊಸ ಸ್ಪಂಜೂ ಪಳಗಿತು,” ಎಂದ ಮೆಕ್ಯಾನಿಕ್. “ಇನ್ಮೇಲೆ... ನೀವು ನಮ್ಮನೆಗೆ ಬಕೆಟ್ ಹೊರೋಕೆ ಬರಲ್ಲ, ಅಲ್ವಾ?”

“ಬರಲ್ಲ.”

ಅವನ ಮುಖ ಬಾಡಿತು.

“ಎದುರುಬದುರು ಎರಡು ತೊಟ್ಟಿ, ಮಧ್ಯೆ ನಾನು ಓಡಾಡ್ಬೇಕಾ? ನಿನ್ನಂಥ ದಡ್ಡನ್ನ ನೋಡೇ ಇಲ್ಲ! ನಿನ್ನ ಮೀನು ತಂದು ನಮ್ಮ ದೊಡ್ಡ ತೊಟ್ಟಿಗೆ ಬಿಡು.”

“ಮೀನು... ಮಾತ್ರಾನಾ?”

“ಅದೊಂದೇ ಬಂದು ಏನ್ ಮಾಡುತ್ತೆ? ಸಾಕಿದೋನೂ ಬರ್ಲಿ. ಪೂರ್ತಿ... ಜೀವನ ಪೂರ್ತಿ.”

ಅವನು ಅವಳ ಕೈ ಹಿಡಿದ.

“ಥೂ, ಅಳ್ತಿದ್ದೀಯೇನೋ?”

“ಇಲ್ಲ ಕಣೇ... ನೀನು?”

“ನನಗೇನು ಹುಚ್ಚಾ!” ಎಂದಳು. ಧ್ವನಿ ಮಾತ್ರ ನಡುಗುತ್ತಿತ್ತು.