ಎಡಗಾಲಿನ ಹಿಮ್ಮಡಿ

"ಯಾಕ್ ಬಂದೆ ಗೌತಮಿ? ಹೊರಟೋಗು!"

ಚಿಂತಾಮಣಿಯ ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲೇ ಅವಳು ನಿಂತುಬಿಟ್ಟಳು. ಎಂಟು ದಿನದಿಂದ ಫೋನ್ ಎತ್ತದ ಮಧುಸೂದನ್, ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದ.

ಅವನು ತನ್ನನ್ನು ಬಿಟ್ಟೇಬಿಟ್ಟ ಎಂದುಕೊಂಡು ಅತ್ತು ಅತ್ತು ಸೋತಿದ್ದಳು ಹುಡುಗಿ. ಮುದ್ದೇನಹಳ್ಳಿ ಹತ್ತಿರದ ಕಾಲೇಜಿನ ಲ್ಯಾಬಿಗೆ ಸ್ಕ್ಯಾನ್ ಸಿ.ಡಿ. ಬಂದಾಗಲೇ ನಿಜ ತಿಳಿದದ್ದು. 'ಮಧುಸೂದನ್, ಲೈನ್‌ಮನ್. ಕಂಬದಿಂದ ಬಿದ್ದು ಎಡ ಹಿಮ್ಮಡಿ ಮೂಳೆ ಪುಡಿ.'

ಇದು 2009ರ ಮಾತು. ಆ ಲ್ಯಾಬಿಗೆ ಹೊಸದಾಗಿ ಬಂದಿದ್ದ ತ್ರೀಡಿ ಪ್ರಿಂಟರ್ ನಡೆಸುವವಳು ಇವಳೇ! ಮೂಳೆ ಪುಡಿಯಾದ ಮೇಲೆ ಅದರ ಆಕಾರ ಸಿಗುವುದೆಲ್ಲಿ? ಅದಕ್ಕೇ ಅವನ ಬಲ ಹಿಮ್ಮಡಿಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಎಡ ಮೂಳೆಯ ಪ್ಲಾಸ್ಟಿಕ್ ಮಾದರಿ ಮಾಡಬೇಕು. ಡಾಕ್ಟರು ಮೂಳೆ ಜೋಡಿಸಿ ಹಿಡಿಯುವ ಸ್ಟೀಲ್ ಪ್ಲೇಟನ್ನು ಅದರ ಮೇಲಿಟ್ಟು ಮೊದಲೇ ಬಗ್ಗಿಸಿಕೊಳ್ಳುತ್ತಾರೆ. ಕಣ್ಣೊರೆಸಿಕೊಳ್ಳುತ್ತಲೇ ಮಾಡಿ ನಿನ್ನೆ ಕಳಿಸಿದ್ದಳು.

ಆ ಮಾದರಿ ಈಗ ಮಂಚದ ಪಕ್ಕದ ಮೇಜಿನ ಮೇಲಿತ್ತು. ಆಪರೇಶನ್‌ಗೆ ಇನ್ನು ಅರ್ಧ ಗಂಟೆ.

ಸುಮ್ಮನೆ ಅದನ್ನೆತ್ತಿ, ಬ್ಯಾಂಡೇಜ್ ಸುತ್ತಿದ ಅವನ ಎಡಗಾಲಿನ ಪಕ್ಕ ಹಿಡಿದಳು. ಒಳಮಗ್ಗುಲಿಗೆ ಇರಬೇಕಾದ ಉಬ್ಬು ಹೊರಗಡೆಗಿದೆ...

'ಅಯ್ಯೋ ದೇವರೇ! ತಿರುಗಿಸೋದನ್ನೇ ಮರೆತೆನಾ? ಇದು ಬಲಗಾಲಿನದು! ಹೇಳಿದರೆ ಕೆಲಸ ಹೋಗುತ್ತೆ. ಇವನು ಇನ್ಯಾವತ್ತೂ ನಂಬಲ್ಲ. ಹೇಳದಿದ್ದರೆ... ಇವನ ಕಾಲು?'

ಮಾದರಿ ಹಿಡಿದುಕೊಂಡೇ ಡಾಕ್ಟರ ಬಳಿಗೆ ಓಡಿದಳು.

"ಸಾರ್, ತಪ್ಪಾಗಿದೆ! ನಾನು ಮಾಡಿರೋದು ಬಲಗಾಲಿಂದು. ಆ ಪ್ಲೇಟ್ ಹಾಕ್ಬೇಡಿ ಸಾರ್!"

ಡಾಕ್ಟರ್ ಭಾನುಪ್ರಕಾಶ್ ಮಾದರಿಯನ್ನು ತಿರುಗಿಸಿ ನೋಡಿದರು.

"ನಾನೂ ಮೊದಲ್ನೇ ಸಲ ಕಣಮ್ಮ. ಸರಿಯಾಗಿ ನೋಡ್ದೇನೇ ಬಗ್ಗಿಸ್ಬಿಟ್ಟೆ. ಹೇಳಿದ್ದು ಒಳ್ಳೇದಾಯ್ತು. ಬೇರೆ ಮಾಡ್ಕೊಂಡ್ ಬಾ, ಕಾಯ್ತೀನಿ."

ಆಪರೇಶನ್ ಎರಡು ದಿನ ಮುಂದಕ್ಕೆ ಹೋಯಿತು. ಹೊಸ ಮಾದರಿ ಕೊಟ್ಟು ಗೌತಮಿ ಬರುವ ಹೊತ್ತಿಗೆ, ಮಧುಸೂದನ್‌ನನ್ನು ಸ್ಟ್ರೆಚರ್ ಮೇಲೆ ಮಲಗಿಸಿದ್ದರು. ಈ ಸಲ ಅವನು ಮುಖ ತಿರುಗಿಸಲಿಲ್ಲ.

"ಡಾಕ್ಟ್ರು ಎಲ್ಲಾ ಹೇಳಿದ್ರು. ಒಪ್ಕೊಳ್ಳೋಕೆ ಹೆದರಿಕೆ ಆಗ್ಲಿಲ್ವಾ?"

"ಪ್ರಾಣ ಹೋದಂಗಾಯ್ತು."

"ನಂಗೂ ಹೆದರಿಕೇನೇ ಕಣೇ... ಕಂಬ ಹತ್ತೋಕಾಗದೋನ್ನ ಕಟ್ಕೊಂಡು ನೀನು ಕಷ್ಟ ಪಡ್ತೀಯ ಅಂತ. ಅದಕ್ಕೇ ಫೋನ್ ಎತ್ತಲಿಲ್ಲ."

"ಅದನ್ನ ತೀರ್ಮಾನ ಮಾಡೋಕೆ ನೀನ್ಯಾರೋ?" ಅವಳ ಕೂಗಿಗೆ ನರ್ಸ್ ತಿರುಗಿ ನೋಡಿದಳು. ನೋಡಲಿ ಬಿಡಿ, ಎಂಟು ದಿನದ ಸಂಕಟ ಅದು!

ಅವನು ಅವಳ ಕೈ ಹಿಡಿದುಕೊಂಡ.

"ಈ ಸಲ ಸರಿಯಾಗಿದೆಯಾ?"

"ಹತ್ತು ಸಲ ನೋಡಿದೀನಿ. ಆದ್ರೂ... ಭಯ ಹೋಗ್ತಿಲ್ಲ."

"ಭಯ ಹೋಗ್ಲಿ ಅಂತ ಕಾಯ್ತಾ ಕೂತ್ರೆ ಮದ್ವೆ ಆಗೋದ್ಯಾವಾಗ? ನನ್ನ ಮದ್ವೆ ಆಗ್ತೀಯಾ, ಗೌತಮಿ?"

ಸ್ಟ್ರೆಚರ್ ಉರುಳತೊಡಗಿತು. ಕೈ ಬಿಡದೆ ಅದರ ಜೊತೆಗೇ ನಡೆದಳು.

"ಆಗ್ತೀನಿ ಕಣೋ... ಇಬ್ರೂ ಜೊತೇಲೇ ಹೆದರ್ಕೊಂಡಿರಣ."